ಪೆಟ್ರೋಲಿನಲ್ಲಿ ಸರಿ, ಗ್ಯಾಸಿನಲ್ಲಿ ಮಿಸ್ಸಿಂಗ್: ಸಿಎನ್‌ಜಿ ಕಾರಿನ ದೋಷ ಹುಡುಕುವ ಬಗೆ

ನನ್ನ ಕಾರು 2014ರ ಮಾಡೆಲ್. 1.2 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಸಿಲಿಂಡರಿಗೊಂದು ಗ್ಯಾಸ್ ಇಂಜೆಕ್ಟರ್ ಇರುವ ಸೀಕ್ವೆನ್ಷಿಯಲ್ ಸಿಎನ್‌ಜಿ ಕಿಟ್ ಹಾಕಿಸಿ ವರ್ಷದ ಮೇಲಾಗಿತ್ತು. ಬೆಳಗಾವಿ ಊರೊಳಗೆ ಯಾವ ತಕರಾರೂ ಇರಲಿಲ್ಲ. ಟಿಳಕವಾಡಿಯಿಂದ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಮನೆಗೆ, ಸದ್ದಿಲ್ಲದೆ ಓಡುತ್ತಿತ್ತು. ಸಂಕೇಶ್ವರಕ್ಕೆ ಹೋಗಿ ಬರುವಾಗ ವಂಟಮೂರಿ ಘಾಟಿನ ಏರಿನಲ್ಲಿ ಮಾತ್ರ ಅದರ ಬಣ್ಣ ಬಯಲಾಗುತ್ತಿತ್ತು. ಮೂರನೇ ಗೇರಿನಲ್ಲಿ ಎಕ್ಸಲೇಟರ್ ಒತ್ತಿದ ಕೂಡಲೇ ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಜಗ್ಗಿದ ಹಾಗೆ ಜರ್ಕ್. ಗ್ಯಾರೇಜಿನ ಮಾತಿನಲ್ಲಿ ಇದೇ ಮಿಸ್ಸಿಂಗ್, ಅಂದರೆ ಸಿಲಿಂಡರಿನಲ್ಲಿ ಇಂಧನ ಹೊತ್ತಿಕೊಳ್ಳದೆ ತಪ್ಪುವುದು. ಚೆಕ್ ಎಂಜಿನ್ ದೀಪ ಮಿಣಮಿಣ. ಸ್ವಿಚ್ ಒತ್ತಿ ಪೆಟ್ರೋಲಿಗೆ ತಂದರೆ ಏನೂ ಆಗೇ ಇಲ್ಲ ಅನ್ನುವಂತೆ ಏರು ಹತ್ತುತ್ತಿತ್ತು.

ಪೆಟ್ರೋಲಿನಲ್ಲಿ ಸರಿ, ಗ್ಯಾಸಿನಲ್ಲಿ ಇಲ್ಲ ಅಂದಮೇಲೆ ತಪ್ಪು ಕಿಟ್ಟಿನದೇ ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಮೊದಲನೇ ಗ್ಯಾರೇಜಿನವರು ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರ್ ಬಿಚ್ಚಿ ಒಳಗಿನ ರಬ್ಬರ್ ಕಿಟ್ ಬದಲಿಸಿದರು. ಜರ್ಕ್ ಹೋಗಲಿಲ್ಲ. ಎರಡನೇ ಗ್ಯಾರೇಜಿನವರು ಲ್ಯಾಪ್‌ಟಾಪ್ ಹಚ್ಚಿ ಮ್ಯಾಪಿಂಗ್, ಅಂದರೆ ಯಾವಾಗ ಎಷ್ಟು ಗ್ಯಾಸ್ ಹೋಗಬೇಕು ಅನ್ನುವ ಲೆಕ್ಕದ ಸೆಟ್ಟಿಂಗ್, ಮಾಡಿ ಗ್ಯಾಸ್ ಜಾಸ್ತಿ ಮಾಡಿಕೊಟ್ಟರು. ಜರ್ಕ್ ಸ್ವಲ್ಪ ಕಡಿಮೆ ಆಯಿತು, ಮೈಲೇಜ್ ಪೂರ್ತಿ ಬಿದ್ದಿತು, ಅದರ ಜೊತೆಗೆ ಹೊಸದೊಂದು ರೋಗ ಬಂತು. ಬೆಳಗ್ಗೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿದರೆ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಅಲ್ಲಿಗೆ ಒಂಬತ್ತು ಸಾವಿರ ಚಿಲ್ಲರೆ ಕೈ ಬಿಟ್ಟಿತ್ತು.

ಕೊನೆಗೆ ಉದ್ಯಮಬಾಗದ ಹತ್ತಿರ ಒಬ್ಬ ವಯಸ್ಸಾದ ಮಿಸ್ತ್ರಿ ಸಿಕ್ಕರು. ಲ್ಯಾಪ್‌ಟಾಪ್ ಇಲ್ಲ, ಏನಿಲ್ಲ. ನಾನು ಎಲ್ಲ ಕಥೆ ಹೇಳಿ ಮುಗಿಸುವ ತನಕ ಚಹಾ ಕುಡಿಯುತ್ತ ಕೂತಿದ್ದು, ಆಮೇಲೆ ಒಂದೇ ಮಾತು ಕೇಳಿದರು. "ಪ್ಲಗ್ ತಗದ ನೋಡ್ಯಾರೇನ್ರೀ ಯಾರರ?" ಯಾರೂ ನೋಡಿರಲಿಲ್ಲ.

ತೆಗೆದರು. ಪ್ಲಗ್ಗಿನ ಗ್ಯಾಪ್, ಅಂದರೆ ಕಿಡಿ ಹಾರುವ ಸಂದಿ, ಸವೆದು ಸವೆದು 1.1 ಮಿಲಿಮೀಟರ್ ದಾಟಿತ್ತು. ಮೂರನೇ ಸಿಲಿಂಡರಿನ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ಲಿನ ರಬ್ಬರ್ ಟೋಪಿಯೊಳಗೆ ಕೂದಲೆಳೆಯಂಥ ಕಪ್ಪು ಗೆರೆ. ನಾಲ್ಕು ಹೊಸ ಪ್ಲಗ್ಗು, ಒಂದು ರಬ್ಬರ್ ಟೋಪಿ, ಅರ್ಧ ತಾಸಿನ ಕೆಲಸ. ಮರುದಿನ ಘಾಟಿನಲ್ಲಿ ಜರ್ಕ್ ಇಲ್ಲ.

ಅದೇ ಕಿಡಿ ಪೆಟ್ರೋಲಿಗೆ ಸಾಕಾಗಿ ಗ್ಯಾಸಿಗೆ ಯಾಕೆ ಸಾಲಲಿಲ್ಲ? ಸಿಎನ್‌ಜಿ ಅಂದರೆ ಹೆಚ್ಚುಕಡಿಮೆ ಮೀಥೇನ್. ಅದಕ್ಕೆ ಕಿಡಿ ತಾಗಿಸಲು ಪೆಟ್ರೋಲಿಗಿಂತ ಜಾಸ್ತಿ ವೋಲ್ಟೇಜ್ ಬೇಕು. ಅದರ ಮೇಲೆ ಏರಿನಲ್ಲಿ ನೀವು ಎಕ್ಸಲೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಗಾಳಿ ತುಂಬಿ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಕಿಡಿ ಗ್ಯಾಪ್ ಹಾರುವುದು ಕಷ್ಟ, ಆಗ ಕರೆಂಟು ಸುಲಭದ ದಾರಿ ಹುಡುಕುತ್ತದೆ, ರಬ್ಬರ್ ಟೋಪಿಯಲ್ಲಿ ಬಿರುಕಿದ್ದರೆ ಅಲ್ಲಿಂದಲೇ ಎಂಜಿನ್ನಿನ ಮೈಗೆ ಜಿಗಿದುಬಿಡುತ್ತದೆ. ಊರೊಳಗೆ ನಿಧಾನ ಓಡಿಸುವಾಗ ಇಷ್ಟೆಲ್ಲ ಒತ್ತಡ ಇರುವುದಿಲ್ಲ. ಹಾಗಾಗಿ ಗ್ಯಾಸಿನಲ್ಲೂ ಅಲ್ಲಿ ಗೊತ್ತಾಗುವುದಿಲ್ಲ. ಗ್ಯಾಸು ಹೊಸ ದೋಷ ತರಲಿಲ್ಲ, ಮೊದಲೇ ಇದ್ದ ದೋಷವನ್ನು ಹೊರಗೆ ಹಾಕಿತು. ಇದು ಅರ್ಥ ಆಗಲು ನನಗೆ ಮೂರು ತಿಂಗಳು ಬೇಕಾಯಿತು. ನಿಮಗೆ ಅಷ್ಟು ಬೇಡ ಅಂತ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಸ್ವಿಚ್ಚಿನ ಪರೀಕ್ಷೆ

ಗ್ಯಾರೇಜಿಗೆ ಹೋಗುವ ಮುಂಚೆ ಇದನ್ನು ನೀವೇ ಮಾಡಿ. ತೊಂದರೆ ಕೊಡುವ ಅದೇ ಜಾಗ, ಅದೇ ಗೇರು, ಅಷ್ಟೇ ವೇಗ. ಒಂದು ಸಲ ಗ್ಯಾಸಿನಲ್ಲಿ, ಒಂದು ಸಲ ಪೆಟ್ರೋಲಿನಲ್ಲಿ. ಮನೆ ಮುಂದೆ ನಿಲ್ಲಿಸಿ ರೇಸ್ ಮಾಡಿ ನೋಡಿದರೆ ಏನೂ ತಿಳಿಯುವುದಿಲ್ಲ, ಎಂಜಿನ್ ಮೇಲೆ ಭಾರ ಬೀಳಬೇಕು.

ಎರಡರಲ್ಲೂ ತೊಂದರೆ ಇದ್ದರೆ ಕಿಟ್ಟನ್ನು ಮರೆತುಬಿಡಿ. ಅದು ಎಂಜಿನ್ನಿನದು: ಕಾಯಿಲ್, ಏರ್ ಫಿಲ್ಟರ್, ಸೆನ್ಸರ್, ಕಂಪ್ರೆಶನ್ ಹೀಗೆ. ಟ್ಯಾಪೆಟ್ ಸೆಟ್ಟಿಂಗ್ (ವಾಲ್ವಿನ ಸಂದಿ ಹೊಂದಿಸುವುದು) ಇರುವ ಎಂಜಿನ್ನಾದರೆ ಅದನ್ನೂ ನೋಡಿಸಿ, ಗ್ಯಾಸಿನಲ್ಲಿ ಬಹಳ ಓಡಿದ ಗಾಡಿಯಲ್ಲಿ ವಾಲ್ವಿನ ಸೀಟು ಸವೆದು ಟ್ಯಾಪೆಟ್ ಟೈಟ್ ಆಗುತ್ತದೆ. ಗ್ಯಾಸಿನಲ್ಲಿ ಮಾತ್ರ, ಅದೂ ಭಾರ ಬಿದ್ದಾಗ ಮಾತ್ರ ಮಿಸ್ಸಿಂಗ್ ಇದ್ದರೆ ಮೊದಲು ಕಿಡಿ, ಆಮೇಲೆ ಗ್ಯಾಸಿನ ಒತ್ತಡ, ಕೊನೆಗೆ ಮ್ಯಾಪಿಂಗ್. ಈ ಸಾಲು ತಪ್ಪಿಸಬೇಡಿ. ಗ್ಯಾರೇಜಿನವರು ಕೊನೆಯಿಂದ ಶುರು ಮಾಡುತ್ತಾರೆ, ಯಾಕೆಂದರೆ ಲ್ಯಾಪ್‌ಟಾಪ್ ಹಚ್ಚುವುದು ಸುಲಭ, ಬಿಲ್ಲೂ ಚೆನ್ನಾಗಿ ಆಗುತ್ತದೆ.

ಚೆಕ್ ಎಂಜಿನ್ ದೀಪ ಸುಮ್ಮನೆ ಹತ್ತಿಕೊಂಡಿದ್ದರೆ ನಿಧಾನಕ್ಕೆ ನೋಡಬಹುದು. ಮಿಟುಕುತ್ತಿದ್ದರೆ ಹಾಗೇ ಓಡಿಸಬೇಡಿ. ಉರಿಯದ ಇಂಧನ ಸೈಲೆನ್ಸರಿನ ಮುಂದಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಸುಡುತ್ತದೆ. ಅದರ ಬೆಲೆಗೆ ಹೋಲಿಸಿದರೆ ಪ್ಲಗ್ಗು ಪುಕ್ಕಟೆ.

ಕೆಲವು ನೂರು ರೂಪಾಯಿಗೆ ಕಾರಿನ ದೋಷದ ಕೋಡ್ ಓದುವ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಪಿ0300 ಬಂದರೆ ಯಾವ ಸಿಲಿಂಡರ್ ಅಂತ ಗೊತ್ತಾಗದ ಮಿಸ್‌ಫೈರ್. ಪಿ0301ರಿಂದ ಪಿ0304ರ ತನಕ ಬಂದರೆ ಕೊನೆಯ ಅಂಕಿಯೇ ಸಿಲಿಂಡರಿನ ನಂಬರ್. ನನ್ನದರಲ್ಲಿ ಪಿ0303 ಬರುತ್ತಿತ್ತು. ಎರಡು ಗ್ಯಾರೇಜಿನವರೂ ಅದನ್ನು ನೋಡಿದ್ದರು, ಅಳಿಸಿದ್ದರು, ಅಷ್ಟೇ.

ಕಿಡಿ

ಪ್ಲಗ್ ತೆಗೆಯುವುದು ಎಂಜಿನ್ ತಣ್ಣಗಿದ್ದಾಗ. ಗ್ಯಾಸಿನಲ್ಲಿ ಓಡುವ ಗಾಡಿಗೆ ಗ್ಯಾಪ್ 0.7ರಿಂದ 0.8 ಮಿಲಿಮೀಟರ್ ಇಟ್ಟರೆ ಕಿಡಿ ಹಾರುವುದು ಸುಲಭ. ಇರಿಡಿಯಂ ಪ್ಲಗ್ಗಾದರೆ ಗ್ಯಾಪನ್ನು ಬಡಿದು ಸರಿ ಮಾಡಲು ಹೋಗಬೇಡಿ, ಅದರ ತುದಿ ಸೂಜಿಯಷ್ಟು ಸಣ್ಣದು, ಮುರಿಯುತ್ತದೆ.

ಒಂದೇ ಕಾಯಿಲ್ಲಿನ ಮೇಲೆ ಅನುಮಾನ ಇದ್ದರೆ ಹೊಸದು ತರಬೇಡಿ. ಮೂರನೇ ಸಿಲಿಂಡರಿನ ಕಾಯಿಲ್ಲನ್ನು ಒಂದಕ್ಕೆ ಹಾಕಿ, ಒಂದರದ್ದನ್ನು ಮೂರಕ್ಕೆ. ಗಾಡಿ ಓಡಿಸಿ. ಕೋಡ್ ಪಿ0301 ಆಗಿ ಬದಲಾದರೆ ಕಳ್ಳ ಸಿಕ್ಕ. ಬದಲಾಗದೆ ಪಿ0303ರಲ್ಲೇ ಉಳಿದರೆ ಕಾಯಿಲ್ ಅಲ್ಲ, ಆ ಸಿಲಿಂಡರಿನ ಪ್ಲಗ್ಗು ಅಥವಾ ಆ ಸಿಲಿಂಡರಿನ ಗ್ಯಾಸ್ ಇಂಜೆಕ್ಟರ್ ನೋಡಿ. ಹಳೇ ಗಾಡಿಯಲ್ಲಿ ಪ್ಲಗ್ ವೈರ್ ಇದ್ದರೆ ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ವೈರಿನ ಮೇಲೆ ಸ್ವಲ್ಪ ನೀರಿನ ತುಂತುರು ಹೊಡೆದು ನೋಡಿ, ದೂರದಿಂದ. ಸೋರುತ್ತಿದ್ದರೆ ನೀಲಿ ಮಿಂಚು ಕಾಣುತ್ತದೆ. ಕೈ ಮಾತ್ರ ತಾಗಿಸಬೇಡಿ. ಗ್ಯಾಸಿನ ವಾಸನೆ ಇದ್ದರಂತೂ ಈ ಪರೀಕ್ಷೆಯ ಹತ್ತಿರವೂ ಹೋಗಬೇಡಿ.

ಗ್ಯಾಸು ಸಾಲುತ್ತಿದೆಯಾ

ಕಿಡಿ ಸರಿ ಇದ್ದೂ ಏರಿನಲ್ಲಿ ಸೋತರೆ, ಜರ್ಕ್ ಹೊಡೆಯುವ ಬದಲು ಗಾಡಿ ಸುಮ್ಮನೆ ದಮ್ಮು ಕಳೆದುಕೊಂಡರೆ, ಗ್ಯಾಸು ಸಾಲುತ್ತಿಲ್ಲ ಅಂತ ಅನುಮಾನಿಸಿ. ಮೊದಲು ಡಿಕ್ಕಿ ತೆಗೆದು ಗ್ಯಾಸ್ ಸಿಲಿಂಡರಿನ ಕೈವಾಲ್ವ್ ಪೂರ್ತಿ ತೆರೆದಿದೆಯಾ ನೋಡಿ. ನಗಬೇಡಿ. ಟೆಸ್ಟಿಂಗಿಗೆ ಕೊಟ್ಟು ಬಂದ ಮೇಲೆ ಅರ್ಧ ತಿರುವಿ ಬಿಟ್ಟಿರುತ್ತಾರೆ. ಊರೊಳಗೆ ಅಷ್ಟು ಗ್ಯಾಸ್ ಸಾಕಾಗುತ್ತದೆ, ಘಾಟಿನಲ್ಲಿ ಸಾಕಾಗುವುದಿಲ್ಲ.

ಆಮೇಲೆ ಫಿಲ್ಟರ್. ತುಂಬಿದ ಸಿಲಿಂಡರಿನಲ್ಲಿ ಗ್ಯಾಸ್ 200 ಬಾರ್ ಒತ್ತಡದಲ್ಲಿರುತ್ತದೆ (ಬಾರ್ ಅಂದರೆ ಒತ್ತಡದ ಅಳತೆ). ರೆಡ್ಯೂಸರ್ ಅದನ್ನು ಎರಡು ಬಾರ್ ಆಸುಪಾಸಿಗೆ ಇಳಿಸಿ ಇಂಜೆಕ್ಟರ್ ರೈಲಿಗೆ, ಅಂದರೆ ಗ್ಯಾಸ್ ಇಂಜೆಕ್ಟರುಗಳನ್ನು ಜೋಡಿಸಿದ ಕೊಳವೆಗೆ, ಕಳಿಸುತ್ತದೆ. ಪಂಪಿನ ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆ ಸ್ವಲ್ಪ ಸ್ವಲ್ಪ ಬಂದು ರೆಡ್ಯೂಸರಿನಲ್ಲಿ, ಫಿಲ್ಟರಿನಲ್ಲಿ, ಇಂಜೆಕ್ಟರಿನಲ್ಲಿ ಕೂತು ಅಂಟಾಗುತ್ತದೆ. ಕಡಿಮೆ ಒತ್ತಡದ ಕಡೆಯ ಫಿಲ್ಟರ್ ಅಗ್ಗದ್ದು, ಕಿಟ್ ತಯಾರಕರು ಹೇಳಿದ ಕಿಲೋಮೀಟರಿಗೆ ಬದಲಿಸಿಬಿಡಿ.

ಮಿಸ್ತ್ರಿಗೆ ಲ್ಯಾಪ್‌ಟಾಪ್ ಹಚ್ಚಿ ರೈಲಿನ ಒತ್ತಡ ತೋರಿಸಲು ಹೇಳಿ, ಆದರೆ ಗ್ಯಾರೇಜಿನಲ್ಲಿ ನಿಂತಲ್ಲೇ ಅಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಕತಿ ದಾಟಿ ಒಂದು ಸುತ್ತು ಹೋಗಿ ಬನ್ನಿ. ಪೂರ್ತಿ ಒತ್ತಿದಾಗ ರೈಲಿನ ಒತ್ತಡ ಜೋರಾಗಿ ಕುಸಿದು, ಕಾಲು ತೆಗೆದಾಗ ಮತ್ತೆ ಏರಿದರೆ ಫಿಲ್ಟರ್, ಕೈವಾಲ್ವ್ ಅಥವಾ ರೆಡ್ಯೂಸರ್. ಸಿಲಿಂಡರ್ ತುಂಬಿದಾಗ ಸರಿ, ಕಾಲು ಭಾಗಕ್ಕೆ ಇಳಿದಾಗ ಮಾತ್ರ ತೊಂದರೆ ಅಂದರೂ ಇದೇ ಮೂರು. ಒತ್ತಡ ಅಲುಗಾಡದೆ ನಿಂತೂ ಮಿಸ್ಸಿಂಗ್ ಇದ್ದರೆ ರೆಡ್ಯೂಸರಿಗೆ ಕೈ ಹಚ್ಚಲು ಬಿಡಬೇಡಿ. ನನ್ನ ರೆಡ್ಯೂಸರ್ ಬಿಚ್ಚಿದವರು ಈ ಒಂದು ನೋಟ ನೋಡಿದ್ದರೆ ನನ್ನ ಅರ್ಧ ರೊಕ್ಕ ಉಳಿಯುತ್ತಿತ್ತು.

ರೆಡ್ಯೂಸರಿನಿಂದ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗುವ ತೆಳ್ಳನೆಯ ರಬ್ಬರ್ ಪೈಪನ್ನೂ ಬೆರಳಿನಿಂದ ಬಗ್ಗಿಸಿ ನೋಡಿ. ಬಿಸಿಗೆ ಒಣಗಿ ಸೀಳಿರುತ್ತದೆ. ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ನಿಲ್ಲುವ ಗಾಡಿಗಳಲ್ಲಿ ಇದನ್ನು ಇನ್ನೂ ಬೇಗ ನೋಡಬೇಕು.

ಮ್ಯಾಪಿಂಗ್, ಮತ್ತು ನನ್ನ ಎರಡನೇ ರೋಗ

ಪ್ಲಗ್ ಬದಲಿಸಿದ ಮೇಲೆ ಜರ್ಕ್ ಹೋಯಿತು, ಬೆಳಗಿನ ಕೆಮ್ಮು ಹೋಗಲಿಲ್ಲ. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗುವಾಗಿನ ತೊಂದರೆ ಅಂದರೆ ಪೆಟ್ರೋಲಿನದೇ ತಪ್ಪು ಅಂತ ಯಾರಿಗಾದರೂ ಅನ್ನಿಸುತ್ತದೆ. ಇಲ್ಲಿ ಉಲ್ಟಾ ಆಗಿತ್ತು. ತಪ್ಪು ಗ್ಯಾಸಿನ ಮ್ಯಾಪಿನಲ್ಲಿತ್ತು.

ಕಾರಿನ ಅಸಲಿ ಈಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇದೆಯಲ್ಲ, ಅದಕ್ಕೆ ಗ್ಯಾಸ್ ಅನ್ನುವುದೇ ಗೊತ್ತಿಲ್ಲ. ತಾನು ಪೆಟ್ರೋಲೇ ಹೊಡೆಯುತ್ತಿದ್ದೇನೆ ಅಂದುಕೊಂಡು ಇಂಜೆಕ್ಟರಿಗೆ ಸಮಯ ಹೇಳುತ್ತದೆ. ಗ್ಯಾಸಿನ ಈಸಿಯು ಆ ಸಮಯವನ್ನು ಕದ್ದು ಕೇಳಿಸಿಕೊಂಡು, ಮ್ಯಾಪಿನ ಲೆಕ್ಕದಲ್ಲಿ ಬದಲಿಸಿ, ಗ್ಯಾಸ್ ಇಂಜೆಕ್ಟರಿಗೆ ಕೊಡುತ್ತದೆ. ಸೈಲೆನ್ಸರಿಗೆ ಹೋಗುವ ಹೊಗೆ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ "ಇಂಧನ ಜಾಸ್ತಿ ಆಯ್ತು" ಅಂದರೆ ಅಸಲಿ ಈಸಿಯು ಸಮಯ ಕಡಿಮೆ ಮಾಡುತ್ತದೆ, ದಿನಾ ಹೀಗೇ ಆದರೆ ಅದನ್ನೇ ಕಲಿತು ನೆನಪಿಟ್ಟುಕೊಳ್ಳುತ್ತದೆ. ಈ ನೆನಪಿಗೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಅನ್ನುತ್ತಾರೆ. ಎರಡನೇ ಗ್ಯಾರೇಜಿನವರು ಜರ್ಕ್ ಮುಚ್ಚಲು ಗ್ಯಾಸ್ ಜಾಸ್ತಿ ಮಾಡಿದ್ದರಿಂದ ನನ್ನ ಗಾಡಿಯ ಟ್ರಿಮ್ ಮೈನಸ್ ಶೇಕಡಾ 18ಕ್ಕೆ ಹೋಗಿ ಕೂತಿತ್ತು. ಮರುದಿನ ಬೆಳಗ್ಗೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡುವಾಗಲೂ ಅದೇ ನೆನಪಿನಲ್ಲಿ ಪೆಟ್ರೋಲ್ ಕಡಿಮೆ ಹೊಡೆಯುತ್ತಿತ್ತು. ತಣ್ಣಗಿನ ಎಂಜಿನ್ನಿಗೆ ಜಾಸ್ತಿ ಬೇಕು, ಸಿಗುತ್ತಿದ್ದದ್ದು ಕಡಿಮೆ. ಕೆಮ್ಮದೆ ಇನ್ನೇನು ಮಾಡುತ್ತದೆ?

ನೋಡುವ ಕ್ರಮ ಹೀಗೆ. ಎಂಜಿನ್ ಬಿಸಿಯಾದ ಮೇಲೆ ಪೆಟ್ರೋಲಿನಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಟ್ರಿಮ್ ಬರೆದುಕೊಳ್ಳಿ, ಐಡಲಿನಲ್ಲಿ (ಎಕ್ಸಲೇಟರ್ ಒತ್ತದೆ ನಿಂತಲ್ಲೇ ಎಂಜಿನ್ ಓಡುವಾಗ) ಒಂದು, 2500 ಆರ್‌ಪಿಎಂ ಹತ್ತಿರ ಒಂದು. ಆಮೇಲೆ ಗ್ಯಾಸಿನಲ್ಲಿ ಅಷ್ಟೇ ಓಡಿಸಿ ಮತ್ತೆ ಬರೆದುಕೊಳ್ಳಿ. ಎರಡೂ ಒಂದರ ಹತ್ತಿರ ಒಂದು ಇದ್ದರೆ ಮ್ಯಾಪ್ ಸರಿ ಇದೆ. ಪೆಟ್ರೋಲಿನಲ್ಲಿ ಪ್ಲಸ್ 3, ಗ್ಯಾಸಿನಲ್ಲಿ ಪ್ಲಸ್ 20 ಅಂತ ಬಂದರೆ ಗ್ಯಾಸ್ ಕಡಿಮೆ ಹೋಗುತ್ತಿದೆ, ಸ್ವಲ್ಪ ದಿನದಲ್ಲಿ ಪಿ0171 ಬರಬಹುದು. ಮೈನಸ್ ಬಂದರೆ ಗ್ಯಾಸ್ ಜಾಸ್ತಿ, ಪಿ0172. ಪೆಟ್ರೋಲಿನಲ್ಲೇ ಟ್ರಿಮ್ ಕೆಟ್ಟಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಓರೆಯಾದ ಗೋಡೆಗೆ ಬಾಗಿಲು ಕೂರಿಸಲು ಆಗುವುದಿಲ್ಲ.

ಸರಿಯಾಗಿ ಮ್ಯಾಪಿಂಗ್ ಮಾಡುವವನು ಪೆಟ್ರೋಲ್ ಇಂಜೆಕ್ಷನ್ ಸಮಯವನ್ನು ಎರಡೂ ಇಂಧನದಲ್ಲಿ ಹೋಲಿಸಿ ನೋಡುತ್ತಾನೆ. ಪೆಟ್ರೋಲಿನಲ್ಲಿ ಐಡಲಿಗೆ 3 ಮಿಲಿಸೆಕೆಂಡ್ ಇದ್ದರೆ, ಗ್ಯಾಸಿಗೆ ಬದಲಿಸಿದ ಮೇಲೂ ಅದು 3ರ ಹತ್ತಿರವೇ ನಿಲ್ಲಬೇಕು. ಭಾರ ಬಿದ್ದಾಗಲೂ ಹಾಗೇ. ಆಟೋ ಕ್ಯಾಲಿಬ್ರೇಶನ್ ಬಟನ್ ಒತ್ತಿ ಐದು ನಿಮಿಷದಲ್ಲಿ "ಆತ್ರೀ" ಅಂದರೆ ಅದು ಐಡಲಿಗೆ ಆದ ಕೆಲಸ, ಘಾಟಿಗೆ ಅಲ್ಲ.

ಒಂದು ಮಾತು. ಗ್ಯಾಸಿನಲ್ಲಿ ಸ್ವಲ್ಪ ಪಿಕಪ್ ಕಡಿಮೆ ಇರುವುದು ರೋಗ ಅಲ್ಲ. ಗ್ಯಾಸು ಇನ್‌ಟೇಕಿನಲ್ಲಿ ಜಾಗ ತಿನ್ನುತ್ತದೆ, ಅಷ್ಟು ಗಾಳಿ ಒಳಗೆ ಬರುವುದಿಲ್ಲ. ಹತ್ತರಲ್ಲಿ ಒಂದು ಪಾಲು ಶಕ್ತಿ ಹೋಯಿತು ಅಂತಲೇ ಇಟ್ಟುಕೊಳ್ಳಿ. ಅದನ್ನು ಮ್ಯಾಪಿಂಗಿನಿಂದ ವಾಪಸ್ ತರುತ್ತೇವೆ ಅನ್ನುವವರಿಗೆ ಕೈ ಮುಗಿದು ಬನ್ನಿ.

ಚಳಿಗಾಲದಲ್ಲಿ ರೆಡ್ಯೂಸರ್ ಹೆಪ್ಪುಗಟ್ಟಿದರೆ

200 ಬಾರಿನಿಂದ ಎರಡಕ್ಕೆ ಇಳಿಯುವಾಗ ಗ್ಯಾಸು ವಿಪರೀತ ತಣ್ಣಗಾಗುತ್ತದೆ. ಅದಕ್ಕೇ ರೆಡ್ಯೂಸರಿಗೆ ಎಂಜಿನ್ನಿನ ಬಿಸಿ ಕೂಲಂಟ್ ಸುತ್ತಿಸಿರುತ್ತಾರೆ. ಹೈವೇಯಲ್ಲಿ ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಗಾಡಿ ತಾನಾಗಿ ಪೆಟ್ರೋಲಿಗೆ ಬಂದರೆ, ಅಥವಾ ಗ್ಯಾಸಿಗೆ ಹೋಗಲು ಬಹಳ ಹೊತ್ತು ತೆಗೆದುಕೊಂಡರೆ, ನಿಲ್ಲಿಸಿ ಬಾನೆಟ್ ಎತ್ತಿ. ಎಂಜಿನ್ ಬಿಸಿ ಇದ್ದೂ ರೆಡ್ಯೂಸರ್ ಮೇಲೆ ಹಿಮದ ಪುಡಿ ಕೂತಿದ್ದರೆ ಕೂಲಂಟ್ ಅಲ್ಲಿಗೆ ಹೋಗುತ್ತಿಲ್ಲ. ಕೂಲಂಟ್ ಕಡಿಮೆ ಆಗಿರಬಹುದು, ಗಾಳಿ ಕೂತಿರಬಹುದು, ಪೈಪ್ ಮಡಚಿರಬಹುದು. ಕೆಲವು ಗಾಡಿಗಳಲ್ಲಿ ಪೈಪನ್ನು ಹೀಟರ್ ವಾಲ್ವಿನ ಆಚೆ ಜೋಡಿಸಿರುತ್ತಾರೆ, ಹೀಟರ್ ಬಂದ್ ಇದ್ದರೆ ನೀರೂ ಬಂದ್. ಹೀಟರ್ ಪೂರ್ತಿ ತಿರುಗಿಸಿ ನೋಡಿ, ಹಿಮ ಕರಗಿದರೆ ಕಾರಣ ಅದೇ. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು ಅನ್ನುವುದು ನಿಮಗೆ ಗೊತ್ತೇ ಇದೆ.

ಮಳೆಗಾಲದಲ್ಲಿ ಸ್ಟಾರ್ಟ್ ಆಗದಿದ್ದರೆ

ಇದು ನಮ್ಮ ಊರಿಗೆ ಚೆನ್ನಾಗಿ ಒಪ್ಪುವ ರೋಗ. ಜೂನ್‌ನಿಂದ ಬೆಳಗಾವಿಯಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಸಿಎನ್‌ಜಿ ಹಾಕಿಸಿದವರು ಪೆಟ್ರೋಲನ್ನು ಟ್ಯಾಂಕಿನ ತಳದಲ್ಲಿ ಎರಡು ಲೀಟರ್ ಇಟ್ಟು ತಿಂಗಳುಗಟ್ಟಲೆ ಮರೆಯುತ್ತಾರೆ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್ ಇರುತ್ತದೆ. ನಮ್ಮದೇ ಕಬ್ಬಿನ ಸೀಮೆಯ ಮಾಲು, ಬೈಯುವ ಹಾಗಿಲ್ಲ. ಆದರೆ ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿ ಆದರೆ ಅದೂ ಎಥೆನಾಲೂ ಸೇರಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ.

ಅನುಮಾನ ಇದ್ದರೆ ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲ್ ತೆಗೆಸಿ ಗಾಜಿನ ಬಾಟಲಿಗೆ ಹಾಕಿ, ಮನೆಯ ಹೊರಗೆ, ಮಕ್ಕಳ ಕೈಗೆ ಸಿಗದ ಹಾಗೆ ಒಂದು ರಾತ್ರಿ ಇಡಿ. ಬೆಳಗ್ಗೆ ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಬೇಕು. ಪದರ ಇಲ್ಲದಿದ್ದರೆ ಫ್ಯೂಯಲ್ ಪಂಪ್ ಕಡೆ ನೋಡಿ, ಅದು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿ ತಣ್ಣಗಿರುವ ಮೋಟರು, ಒಣಗಿದರೆ ಸುಡುತ್ತದೆ. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಯಾವಾಗಲೂ ಇರಲಿ. ವಾರಕ್ಕೊಮ್ಮೆ ಹತ್ತು ಕಿಲೋಮೀಟರ್ ಪೆಟ್ರೋಲಿನಲ್ಲೇ ಓಡಿಸಿ, ಇಂಜೆಕ್ಟರೂ ಅಂಟುವುದಿಲ್ಲ.

ಇಲಿ, ಫ್ಯೂಸ್, ತಪ್ಪು ತೋರಿಸುವ ದೀಪ

ಸ್ವಿಚ್ಚೇ ಸತ್ತಂತಿದ್ದರೆ ಕಿಟ್ಟಿನ ಫ್ಯೂಸ್ ನೋಡಿ, ಸಾಮಾನ್ಯವಾಗಿ ಬ್ಯಾಟರಿ ಹತ್ತಿರ ಇರುತ್ತದೆ. ಒಂದು ದಿನ ಸರಿ, ಒಂದು ದಿನ ಇಲ್ಲ ಅಂದರೆ ವೈರಿಂಗ್. ಹೊಲದ ಮನೆಯ ಹತ್ತಿರ ಗಾಡಿ ನಿಲ್ಲಿಸುವವರು ಮೊದಲು ಇಲಿ ಕಡಿದಿದೆಯಾ ನೋಡಬೇಕು. ಪೆಟ್ರೋಲ್ ಇಂಜೆಕ್ಟರಿನ ವೈರಿಗೆ ಕಿಟ್ಟಿನ ವೈರ್ ಜೋಡಿಸಿದ ಜಾಗದಲ್ಲಿ ಬೆಸುಗೆ ಹಾಕದೆ ಸುಮ್ನೆ ಸುತ್ತಿ ಟೇಪ್ ಹಚ್ಚಿದ್ದರೆ ಇವತ್ತಲ್ಲ ನಾಳೆ ಕೈಕೊಡುತ್ತದೆ.

ಸ್ವಿಚ್ಚಿನ ನಾಲ್ಕು ದೀಪ ನಂಬಿ ಲೆಕ್ಕ ಹಾಕಬೇಡಿ. ನನ್ನ 60 ಲೀಟರ್ ಅಳತೆಯ ಸಿಲಿಂಡರಿಗೆ 8ರಿಂದ 9 ಕೆಜಿ ಹಿಡಿಯುತ್ತದೆ, ಬೇಸಿಗೆಯ ಮಧ್ಯಾಹ್ನ ಅದಕ್ಕಿಂತ ಕಡಿಮೆ. ಬೇಗ ತುಂಬಿದಾಗ ಗ್ಯಾಸು ಬಿಸಿಯಾಗಿ ಹಿಗ್ಗಿ, ಕಡಿಮೆ ತೂಕಕ್ಕೇ 200 ಬಾರ್ ತೋರಿಸುತ್ತದೆ. ಅದು ಪಂಪಿನವರ ಮೋಸ ಅಲ್ಲ. ಮೈಲೇಜನ್ನು ಬಿಲ್ಲಿನ ಕೆಜಿಯಲ್ಲೇ ಲೆಕ್ಕ ಹಾಕಿ.

ವಾಸನೆ ಬಂದರೆ

ಇದರಲ್ಲಿ ಪ್ರಯೋಗ ಬೇಡ. ಎಂಜಿನ್ ಬಂದ್, ಕಿಟಕಿ ಬಾಗಿಲು ತೆರೆ, ಎಲ್ಲರೂ ಕೆಳಗಿಳಿದು, ಸಿಲಿಂಡರಿನ ಕೈವಾಲ್ವ್ ತಿರುವಿ ಮುಚ್ಚಿ. ಸಿಎನ್‌ಜಿ ಗಾಳಿಗಿಂತ ಹಗುರ, ಮೇಲಕ್ಕೆ ಹೋಗಿ ಚದುರುತ್ತದೆ, ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಛಾವಣಿಯ ಕೆಳಗೆ ನಿಲ್ಲುತ್ತದೆ. ಅಡುಗೆ ಗ್ಯಾಸು ಇದಕ್ಕೆ ಉಲ್ಟಾ, ನೆಲಕ್ಕೆ ಇಳಿದು ಕೂರುತ್ತದೆ. ಮನೆಯ ಸಿಲಿಂಡರಿನಿಂದ ಕಾರಿಗೆ ತುಂಬಿಕೊಡುತ್ತೇವೆ ಅನ್ನುವವರು ಇನ್ನೂ ಇದ್ದಾರೆ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಸೋರುವ ಜಾಗ ಹುಡುಕಲು ಸೋಪಿನ ನೀರು ಸಾಕು, ಗುಳ್ಳೆ ಬಂದಲ್ಲಿ ಸೋರಿಕೆ. ಬೆಂಕಿಕಡ್ಡಿ, ಲೈಟರ್ ಹತ್ತಿರ ತರಬೇಡಿ. 200 ಬಾರ್ ಕಡೆಯ ಸ್ಟೀಲ್ ಪೈಪಿನ ನಟ್ಟನ್ನು ಸ್ಪ್ಯಾನರ್ ಹಿಡಿದು ನೀವೇ ಬಿಗಿಯಲು ಹೋಗಬೇಡಿ, ಅದು ಕಿಟ್ ಹಾಕಿದವರ ಕೆಲಸ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ) ಕಡ್ಡಾಯ. ಅದರ ತಾರೀಕಿನ ಪ್ಲೇಟು ಗಾಡಿಯ ಮೇಲೆ ಇರಬೇಕು, ಅವಧಿ ಮುಗಿದಿದ್ದರೆ ಪಂಪಿನಲ್ಲಿ ಗ್ಯಾಸ್ ಕೊಡದೆ ವಾಪಸ್ ಕಳಿಸಬಹುದು. ಆರ್‌ಸಿಯಲ್ಲಿ ಸಿಎನ್‌ಜಿ ಅಂತ ಆರ್‌ಟಿಓದಲ್ಲಿ ನಮೂದು ಮಾಡಿಸಿಲ್ಲದಿದ್ದರೆ ನಾಳೆ ವಿಮೆಯವರ ಜೊತೆ ಜಗಳ ಆಗುವುದು ಖಾತ್ರಿ.

ನನ್ನ ಗಾಡಿಗೆ ಮ್ಯಾಪ್ ಮತ್ತೆ ಮಾಡಿಸಿದೆ, ರಸ್ತೆಯ ಮೇಲೆ, ನಾನು ಓಡಿಸುತ್ತ, ಗ್ಯಾರೇಜಿನ ಹುಡುಗ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು. ಟ್ರಿಮ್ ಈಗ ಎರಡೂ ಇಂಧನದಲ್ಲಿ ಪ್ಲಸ್ 2, ಪ್ಲಸ್ 4ರ ಆಸುಪಾಸು. ಬೆಳಗಿನ ಕೆಮ್ಮು ನಿಂತಿತು. ವಂಟಮೂರಿ ಘಾಟನ್ನು ಗ್ಯಾಸಿನಲ್ಲಿ ಮೂರನೇ ಗೇರಿನಲ್ಲೇ ಹತ್ತುತ್ತದೆ. ನಾಲ್ಕು ಜನ ಕೂತು ಏಸಿ ಹಾಕಿದರೆ ಎರಡಕ್ಕೆ ಇಳಿಸಬೇಕು.